ರಿಪೋರ್ಟ್ ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲ ಎಂದರ್ಥವೇ?

ಜ್ವರ ಬಿಟ್ಟು ಆರು ತಿಂಗಳಾಗಿದೆ. ಆದರೂ ಒಂದು ದಿನ ಬಟ್ಟೆ ಒಗೆದರೆ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತು. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. "ನಿಮಗೇನೂ ಆಗಿಲ್ಲ, ಟೆನ್ಷನ್ ಕಡಿಮೆ ಮಾಡಿ" ಎಂದು ಡಾಕ್ಟರ್ ಕಳಿಸುತ್ತಾರೆ. ಮನೆಯಲ್ಲಿ ಅದೇ ಮಾತು ಸೋಮಾರಿತನ, ನಾಟಕ ಎಂದಾಗುತ್ತದೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬರುತ್ತದೆ: ಡಾಕ್ಟರ್‌ಗಳು ಮುಚ್ಚಿಟ್ಟ ಸತ್ಯ, ಏಳು ದಿನ ಈ ಪುಡಿ ತಿನ್ನಿ ಸಾಕು!

ಎರಡೂ ತಪ್ಪು. ಆದರೆ ಡಾಕ್ಟರ್ ಮಾತಿನಿಂದ ಬೇಸತ್ತವರೇ ಆ ಪುಡಿಯನ್ನು ನಂಬುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಮೊದಲು ರಿಪೋರ್ಟ್ ವಿಷಯ. ಪ್ರತಿ ಪರೀಕ್ಷೆಯೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಹಿಮೋಗ್ಲೋಬಿನ್ ನೋಡಿದರೆ ರಕ್ತಹೀನತೆ ತಿಳಿಯುತ್ತದೆ, ಟಿಎಸ್‌ಎಚ್ ನೋಡಿದರೆ ಥೈರಾಯ್ಡ್ ತೊಂದರೆ. ಎಲ್ಲವೂ ನಾರ್ಮಲ್ ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದಷ್ಟೇ. ಲಾಂಗ್ ಕೋವಿಡ್ ಅನ್ನು ಖಚಿತಪಡಿಸುವ ಒಂದೇ ರಕ್ತ ಪರೀಕ್ಷೆ ಇಲ್ಲ. ವರ್ಷಗಟ್ಟಲೆ ಸುಸ್ತು ಕಾಡುವ ಎಂಇ ಅಥವಾ ಸಿಎಫ್‌ಎಸ್ ಎಂಬ ಕಾಯಿಲೆಗೂ ಇಲ್ಲ. ರೋಗಿ ಹೇಳುವ ಲಕ್ಷಣಗಳೇ ಇಲ್ಲಿ ಮುಖ್ಯ ಆಧಾರ.

ಈ ಎಂಇ ಕಥೆ ಸ್ವಲ್ಪ ಹೇಳಲೇಬೇಕು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಸಿಬ್ಬಂದಿ ಕಾಯಿಲೆ ಬಿದ್ದರು, ಆಸ್ಪತ್ರೆಯನ್ನೇ ಕೆಲಕಾಲ ಮುಚ್ಚಬೇಕಾಯಿತು. ಹದಿನೈದು ವರ್ಷಗಳ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನು ಓದಿ ಇದು ಸಾಮೂಹಿಕ ಉನ್ಮಾದ ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ವಾದದ ಒಂದು ಆಧಾರ! ಆ ಮುದ್ರೆ ದಶಕಗಳ ಕಾಲ ಅಳಿಯಲಿಲ್ಲ. ಮುಂದೆ ದಿನದಿನಕ್ಕೂ ವ್ಯಾಯಾಮ ಹೆಚ್ಚಿಸುತ್ತಾ ಹೋಗಿ ಎಂಬ ಚಿಕಿತ್ಸೆ ಬಂತು. ಶ್ರಮಪಟ್ಟ ಮೇಲೆ ಕಾಯಿಲೆ ಉಲ್ಬಣಿಸುವುದೇ ಇದರ ಮುಖ್ಯ ಲಕ್ಷಣವಾದ್ದರಿಂದ ಹಲವರು ತಮ್ಮ ಸ್ಥಿತಿ ಇನ್ನೂ ಕೆಟ್ಟಿತು ಎಂದು ಹೇಳುತ್ತಲೇ ಬಂದರು. ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಿಂದ ಆ ಸಲಹೆಯನ್ನು ತೆಗೆದದ್ದು 2021ರಲ್ಲಿ.

ಲಾಂಗ್ ಕೋವಿಡ್ ಎಂಬ ಹೆಸರು ಹುಟ್ಟಿದ್ದೂ 2020ರಲ್ಲಿ ರೋಗಿಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ವ್ಯಾಖ್ಯಾನ ಕೊಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ.

ನಮಗೂ ಇದು ಹೊಸದಲ್ಲ. 2006ರ ಚಿಕೂನ್‌ಗುನ್ಯ ನೆನಪಿದೆಯೇ? ಕರ್ನಾಟಕದಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಈ ಜ್ವರ ಕೆಲವೇ ದಿನಗಳಲ್ಲಿ ಇಳಿದರೂ ಕೆಲವರಿಗೆ ಕೀಲುನೋವು ತಿಂಗಳು, ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಮಾತ್ರ ಯಾರೂ ನಾಟಕ ಎನ್ನಲಿಲ್ಲ, ಓಣಿಯಲ್ಲಿ ಎಲ್ಲರೂ ಕುಂಟುತ್ತಿದ್ದರಲ್ಲ!

ಡಾಕ್ಟರ್‌ಗಳ ಕಷ್ಟವೂ ಇದೆ. ಒಪಿಡಿ ಮುಂದೆ ಉದ್ದ ಸಾಲಿರುವಾಗ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆತಂಕ, ಖಿನ್ನತೆಯಿಂದಲೂ ಸುಸ್ತಾಗುತ್ತದೆ, ಅವೂ ನಿಜವಾದ ಕಾಯಿಲೆಗಳೇ. ಆದರೆ "ಕಾರಣ ಗೊತ್ತಾಗಲಿಲ್ಲ" ಎನ್ನುವುದಕ್ಕೂ "ಏನೂ ಇಲ್ಲ" ಎನ್ನುವುದಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಏನು ಮಾಡಬಹುದು? ಎರಡು ವಾರ ಬರೆದಿಡಿ: ಯಾವ ದಿನ ಏನು ಕೆಲಸ ಮಾಡಿದಿರಿ, ಮರುದಿನ ಹೇಗಿತ್ತು ಎಂದು. "ತುಂಬಾ ಸುಸ್ತು" ಎನ್ನುವ ಬದಲು "ಮೊದಲು ಹತ್ತು ಜನಕ್ಕೆ ಅಡುಗೆ ಮಾಡುತ್ತಿದ್ದೆ, ಈಗ ನಾಲ್ಕು ಚಪಾತಿ ಲಟ್ಟಿಸಿದರೆ ಕೂರಬೇಕು" ಎಂದು ಹೇಳಿ. ಯಾವ ಯಾವ ಕಾಯಿಲೆ ಇಲ್ಲ ಎಂದು ಖಚಿತವಾಯಿತು, ಮುಂದೆ ಯಾವಾಗ ಬರಲಿ ಎಂದು ಕೇಳಿ. ಒಪ್ಪದಿದ್ದರೆ ಇನ್ನೊಬ್ಬ ಡಾಕ್ಟರ್ ಬಳಿ ಹೋಗುವುದು ತಪ್ಪಲ್ಲ.

ಹೆಸರಿಲ್ಲದ ಪುಡಿಗಳಿಂದ ದೂರವಿರಿ, ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಕೆಮ್ಮಿನಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ ಬೇಗ ಮತ್ತೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಕಾಯಲೇಬೇಡಿ, ಕೈಯಲ್ಲಿ ಹಳೆಯ ನಾರ್ಮಲ್ ರಿಪೋರ್ಟ್ ಇದ್ದರೂ ಸರಿ.