ಶುಶ್ರೂಷೆಯೆಂದರೆ ಮೊದಲು ಕೇಳುವುದು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ತಾಯಿತಂದೆಯರ ಶುಶ್ರೂಷೆ ಮಾಡತಕ್ಕದ್ದೆಂದು ಸಾಮ್ರಾಟ್ ಅಶೋಕನು ಸುಮಾರು 2,300 ವರ್ಷಗಳ ಹಿಂದೆ ಬರೆಯಿಸಿದನು. ಈಗ ರೋಗಿಯ ಆರೈಕೆಗೆ ಸಲ್ಲುವ ಆ ಪದದ ಮೂಲಾರ್ಥ ‘ಕೇಳುವ ಇಚ್ಛೆ’. ಅದೇ ಸೀಮೆಯ ತಾಯಂದಿರ ಒಂದು ಸಂಕಟವನ್ನು ನಾವು ಕಿವಿಗೊಟ್ಟು ಕೇಳುತ್ತಿಲ್ಲವೆಂಬ ವ್ಯಥೆಯೇ ಈ ಬರಹಕ್ಕೆ ಕಾರಣ.

ಹೊಟ್ಟೆ ಕೊಯ್ದು ಕೂಸನ್ನು ತೆಗೆದು, ಹೊಲಿಗೆ ಮಾಗಿ, ಆ ಮಗು ಶಾಲೆಗೆ ಹೋಗುವಷ್ಟಾದ ಮೇಲೆ, ‘ಮುಟ್ಟು ನಿಲ್ಲುತ್ತಿಲ್ಲ, ನಡುನಡುವೆಯೂ ಕಾಣಿಸಿಕೊಳ್ಳುತ್ತಿದೆ’ ಎಂದು ತಾಯಿ ಹೇಳಿದರೆ, ‘ನಿಶ್ಶಕ್ತಿ, ಉಷ್ಣ’ ಎಂದು ಮನೆಯವರು ಮಾತು ಮುಗಿಸಿಬಿಡುತ್ತಾರೆ. ಮುಟ್ಟಾದವರೂ ಬಾಣಂತಿಯರೂ ಹಟ್ಟಿಯ ಹೊರಗಿರಬೇಕೆಂಬ ಪದ್ಧತಿ ಇನ್ನೂ ಪೂರ್ತಿ ಅಳಿಯದ ಕೆಲವು ಗೊಲ್ಲರಹಟ್ಟಿಗಳಲ್ಲಂತೂ, ಸ್ರಾವ ಇರುವಷ್ಟು ದಿನವೂ ಹೊರಗಿರಬೇಕಾದವಳು ಅದನ್ನು ಮುಚ್ಚಿಡದೆ ಮತ್ತೇನು ಮಾಡಿಯಾಳು?

ಇಂಥ ಸ್ರಾವಕ್ಕೆ ಬಹುಪಾಲು ಸಾಮಾನ್ಯ ಕಾರಣಗಳೇ ಇರುತ್ತವೆ. ಆದರೆ ವಿರಳವಾದುದೊಂದುಂಟು. ಮಾಸು ಗರ್ಭಕೋಶದ ಭಿತ್ತಿಯನ್ನು ಹಿಡಿದು ನಿಲ್ಲಲೆಂದು ಬೇರಿನಂತೆ ಒಳಗಿಳಿಯುವ ಜೀವಕೋಶಗಳು ಹೆರಿಗೆಯ ತರುವಾಯ ತಾವಾಗಿ ಅಳಿದುಹೋಗಬೇಕು. ಎಲ್ಲೋ ಕೆಲವರಲ್ಲಿ ಅವು ಉಳಿದುಕೊಂಡು, ವರ್ಷಗಳ ಮೇಲೆ ಕೆಲವೇ ಮಿಲಿಮೀಟರಿನ ಗಂಟಾಗಿ ಗೋಚರಿಸುತ್ತವೆ. ಸಿಸೇರಿಯನ್ ಆದವರಲ್ಲಿಯೂ ಗರ್ಭಕೋಶವನ್ನು ಕೆರೆಸಿಕೊಂಡವರಲ್ಲಿಯೂ ಹಲವು ಬಾರಿ ಕಂಡುಬಂದಿರುವ ಈ ಗಂಟನ್ನು 1990ರಲ್ಲಿ ಯಂಗ್, ಕರ್ಮನ್, ಸ್ಕಲ್ಲಿ ಎಂಬ ರೋಗಶಾಸ್ತ್ರಜ್ಞರು 20 ಪ್ರಕರಣಗಳ ಆಧಾರದಿಂದ ವಿವರಿಸಿದರು. ‘ಪ್ಲಾಸೆಂಟಲ್ ಸೈಟ್ ನಾಡ್ಯೂಲ್’ ಎಂದು ಅದರ ಹೆಸರು.

ಅದು ಪ್ರಾಯಶಃ ನಿರುಪದ್ರವಿ; ಅದಕ್ಕಾಗಿ ಗರ್ಭಕೋಶವನ್ನೇ ಕಳೆದುಕೊಳ್ಳಬೇಕಾದುದಿಲ್ಲ. ಆದರೆ ಅದೇ ಕುಲದ ಜೀವಕೋಶಗಳಿಂದ, ಸುಮಾರು ಲಕ್ಷ ಬಸಿರುಗಳಲ್ಲಿ ಒಂದರಂತೆ, ನಿಜವಾದ ಅರ್ಬುದವೂ ಹುಟ್ಟುವುದುಂಟು. ಬಸಿರಿನ ಹಾರ್ಮೋನು ಅದರಲ್ಲಿ ಅಲ್ಪವೇ ಏರುವುದರಿಂದ ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ; ಕೀಮೋಥೆರಪಿಗೂ ಅದು ಸುಲಭವಾಗಿ ಮಣಿಯದು; ಗರ್ಭಕೋಶದೊಳಗೇ ಇರುವಾಗ ಪತ್ತೆಯಾದರೆ ಮಾತ್ರ ಶಸ್ತ್ರಕ್ರಿಯೆಯಿಂದ ಗುಣಪಡಿಸುವುದು ಬಹುಮಟ್ಟಿಗೆ ಸಾಧ್ಯ. ಇವೆರಡರ ಭೇದವನ್ನು ನಿರ್ಣಯಿಸುವುದು ಸೂಕ್ಷ್ಮದರ್ಶಕವೇ ಹೊರತು ಊಹೆಯಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳು 2015-16ರಲ್ಲಿ ಶೇ 23.6ರಷ್ಟಿದ್ದು, 2019-21ರ ವೇಳೆಗೆ ಶೇ 31.5ಕ್ಕೇರಿದವು. ಅಸಂಖ್ಯ ಪ್ರಾಣಗಳನ್ನು ಉಳಿಸಿದ ಈ ಶಸ್ತ್ರಕ್ರಿಯೆಯನ್ನು ನಾನು ಹಳಿಯಲಾರೆ. ಗರ್ಭಕೋಶದ ಮೇಲೆ ಗಾಯದ ಕಲೆ ಹೊತ್ತ ತಾಯಂದಿರು ಹೆಚ್ಚಿದಂತೆ, ಅವರನ್ನು ಮುಂದೆ ವರ್ಷಗಳವರೆಗೂ ವಿಚಾರಿಸುವ ಹೊಣೆಯೂ ಹೆಚ್ಚಿತೆಂಬುದಷ್ಟೇ ನನ್ನ ಮಾತು.

ಆ ಹೊಣೆ ದೊಡ್ಡ ಯಂತ್ರಗಳನ್ನು ಬೇಡುವುದಿಲ್ಲ. ಹೆಬ್ಬೆರಳಿನಷ್ಟು ಎತ್ತರದ ಒಂದು ಶೀಶೆ, ಅದರಲ್ಲಿ ಫಾರ್ಮಲಿನ್, ಆ ದ್ರವದಲ್ಲಿ ಮುಳುಗಿದ ಕಂದುಬಣ್ಣದ ನಾಲ್ಕು ಚೂರು ಅಂಗಾಂಶ, ಮೇಲೆ ಅಂಟಿಸಿದ ಚೀಟಿ: ಇಷ್ಟು ಸಾಕು. ಗರ್ಭಕೋಶದಿಂದ ಕೆರೆದು ತೆಗೆದುದನ್ನು ಎಲ್ಲಿಯೂ ಚೆಲ್ಲದೆ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸಬೇಕು. ಜೊತೆಗಿನ ಅರ್ಜಿಯಲ್ಲಿ ‘ಹಿಂದೆ ಸಿಸೇರಿಯನ್ ಆಗಿದೆ’ ಎಂಬುದನ್ನೂ ಅದು ನಡೆದ ವರ್ಷವನ್ನೂ ತಪ್ಪದೆ ಬರೆಯಬೇಕು. ಚಳ್ಳಕೆರೆ ಮೊಳಕಾಲ್ಮೂರುಗಳಿಂದ ಆ ಶೀಶೆಯನ್ನು ಚಿತ್ರದುರ್ಗಕ್ಕೋ ಬಳ್ಳಾರಿಗೋ ಒಯ್ಯುವ ಭಾರ, ಕೂಲಿ ಬಿಟ್ಟು ಬಂದ ಗಂಡನ ಮೇಲೆ ಬೀಳದೆ, ಸರ್ಕಾರದ ಮೇಲಿರಬೇಕು. ಸಂದೇಹವಿದ್ದ ಮಾದರಿಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಂಥ ಕಡೆಯ ತಜ್ಞರ ಬಳಿಗೆ ಕಳುಹಿಸುವ ಏರ್ಪಾಡೂ ಬೇಕು.

ಮನೆಯವರೂ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಜೋಪಾನವಾಗಿಡಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಕೂಸಿನ ತೂಕ, ಲಸಿಕೆಗಳನ್ನು ವಿಚಾರಿಸಿದ ಮೇಲೆ, ತಾಯಿಯನ್ನು ಒಂದಿಷ್ಟು ಮರೆಗೆ ಕರೆದು, ‘ನಿನಗೆ ಮುಟ್ಟು ಸರಿಯಾಗಿ ಆಗುತ್ತಿದೆಯೇನವ್ವಾ?’ ಎಂದು ಕೇಳಲಿ. ಕೇಳಿ, ಉತ್ತರ ಬರುವತನಕ ಅಲ್ಲಿಯೇ ಕುಳಿತಿರಲಿ.