ಭೂಕಂಪವೂ ಪಾಪಪುಣ್ಯವೂ

ನೆಲವು ನಡುಗಿ ಮನೆಮಠಗಳು ಉರುಳಿದ ಮೇಲೆ, ಬದುಕಿ ಉಳಿದವರ ಬಾಯಿಂದ ಮೊದಲು ಹೊರಡುವ ಪ್ರಶ್ನೆಯು ‘ನಮಗೇಕೆ ಹೀಗಾಯಿತು?’ ಎಂಬುದು. ಅದು ಹೇಗಾಯಿತೆಂಬುದನ್ನು ಭೂಗರ್ಭಶಾಸ್ತ್ರಜ್ಞನು ಹೇಳಬಲ್ಲನು. ನಮ್ಮ ಮೇಲೆಯೇ ಏಕೆ ಬಿದ್ದಿತೆಂಬುದಕ್ಕೆ ಆತನಲ್ಲಿ ಉತ್ತರವಿಲ್ಲ. ಶೋಕತಪ್ತನಿಗೆ ಈ ಮೌನವು ಸಹಿಸಲಸಾಧ್ಯವಾದುದು. ಆದುದರಿಂದಲೇ ಆತನು ಪಾಪಪುಣ್ಯಗಳ ಲೆಕ್ಕವನ್ನು ಬಿಚ್ಚುತ್ತಾನೆ. ಈ ವಿಷಯವಾಗಿ ನಮ್ಮ ದೇಶದ ಇಬ್ಬರು ಮಹಾಪುರುಷರೊಳಗೆ ನಡೆದ ವಾದವನ್ನು ಪ್ರತಿಯೊಂದು ಪೀಳಿಗೆಯೂ ಪುನಃ ಪರ್ಯಾಲೋಚಿಸತಕ್ಕುದಾಗಿದೆ.

1934ನೆಯ ಇಸವಿ ಜನವರಿ 15ರ ಮಧ್ಯಾಹ್ನ ಬಿಹಾರ ನೇಪಾಳಗಳಲ್ಲಿ ಸಂಭವಿಸಿದ ಮಹಾಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಮುಂಗೇರ್ ಪಟ್ಟಣವು ಕಲ್ಲುಮಣ್ಣಿನ ರಾಶಿಯಾಯಿತು. ಆಗ ಅಸ್ಪೃಶ್ಯತಾನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಮಹಾತ್ಮಾ ಗಾಂಧಿಯವರು, ಈ ಉತ್ಪಾತವು ಅಸ್ಪೃಶ್ಯತೆಯೆಂಬ ಪಾಪಕ್ಕೆ ಈಶ್ವರನು ವಿಧಿಸಿದ ದಂಡನೆಯೆಂದು ಸಾರಿದರು. ರವೀಂದ್ರನಾಥ ಠಾಕೂರರಿಗೆ ಈ ಮಾತು ಕೇಳಿ ವ್ಯಥೆಯಾಯಿತು. ಭೌತಿಕ ಉತ್ಪಾತಗಳಿಗೆ ಭೌತಿಕ ಕಾರಣಗಳೇ ಇರತಕ್ಕುವೆಂದೂ, ಜನರಲ್ಲಿ ಮೊದಲೇ ಬೇರೂರಿರುವ ಅವಿಚಾರವು ಇಂತಹ ಮಾತಿನಿಂದ ಬಲಗೊಳ್ಳುವುದೆಂದೂ, ಇದೇ ತರ್ಕವನ್ನು ಗಾಂಧಿಯವರ ವಿರೋಧಿಗಳೂ ಪ್ರಯೋಗಿಸಬಲ್ಲರೆಂದೂ ಅವರು ಬರೆದರು. ಗಾಂಧಿಯವರು ಆ ಆಕ್ಷೇಪವನ್ನು ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಅಚ್ಚುಹಾಕಿಸಿ, ಈ ಸಂಬಂಧವನ್ನು ತಾವು ಸಾಧಿಸಿ ತೋರಿಸಲಾರರೆಂದೂ, ಆದರೂ ಅದು ತಮ್ಮ ಜೀವಂತ ನಂಬಿಕೆಯೆಂದೂ ಉತ್ತರವಿತ್ತರು. ಪ್ರತಿಪಕ್ಷದ ಮಾತನ್ನು ಸ್ವಂತ ಪತ್ರಿಕೆಯಲ್ಲಿ ಪ್ರಕಟಿಸುವ ಆ ಔದಾರ್ಯವು ಇಂದಿನ ವಾದಿಗಳಿಗೆ ಮೇಲ್ಪಂಕ್ತಿಯಾಗಬೇಕು.

ಆದರೆ ತೀರ್ಪು ಯಾರ ಕಡೆಗೆ? ಮಹಾತ್ಮರಲ್ಲಿ ನಮಗಿರುವ ಪೂಜ್ಯಭಾವವು ಲೇಶವೂ ಕುಂದದಂತೆ, ಈ ಒಂದು ವಿಷಯದಲ್ಲಿ ಕವಿಯ ಪಕ್ಷವೇ ಸತ್ಯವೆಂದು ನಾವು ಹೇಳಬೇಕಾಗಿದೆ. ಭಾರತದ ಭೂಫಲಕವು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ಹಿಮಾಲಯದ ಅಡಿಗೆ ನುಗ್ಗುತ್ತಿದೆ. ಶಿಲೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಶತಮಾನಗಳ ಒತ್ತಡವನ್ನು ಹೊತ್ತು, ಕಡೆಗೊಂದು ದಿನ ಜಾರುತ್ತವೆ. 1934ರಲ್ಲಿ ಜಾರಿದ ಬಿರುಕು ನೇಪಾಳದ ತಪ್ಪಲಿನಲ್ಲಿ ನೆಲದ ಮೇಲಕ್ಕೂ ಸೀಳಿ ಬಂದಿದ್ದಿತೆಂದೂ, 1255ರ ಭೂಕಂಪದ ಗುರುತೂ ಅಲ್ಲಿಯೇ ಇದೆಯೆಂದೂ 2013ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. 1255ರಲ್ಲಿ ದೇವಾಲಯಪ್ರವೇಶದ ಚಳುವಳಿಯೂ ಇರಲಿಲ್ಲ, ಅದನ್ನೆದುರಿಸುವ ಸಭೆಗಳೂ ಇರಲಿಲ್ಲ. ಶಿಲೆಯ ಒತ್ತಡವು ಮಾತ್ರ ಇದ್ದಿತು. ಗಂಗಾಬಯಲಿನಲ್ಲಿ ನೀರಿನಿಂದ ನೆನೆದ ಮರಳುಮಣ್ಣು ಕಂಪನಕ್ಕೆ ಸಿಕ್ಕಿ ದ್ರವದಂತಾಗಿ, ಮನೆಗಳು ಅದರಲ್ಲಿ ವಾಲಿ ಹೂತುಹೋದವು. ಆ ಮರಳು ಸ್ಪೃಶ್ಯಾಸ್ಪೃಶ್ಯರನ್ನು ವಿಚಾರಿಸಲಿಲ್ಲ. ಅಸ್ಪೃಶ್ಯತೆಯಿಂದ ನೊಂದವರ ಗುಡಿಸಲುಗಳನ್ನೂ ಕೆಡಹುವ ದಂಡನೆಯನ್ನು ನ್ಯಾಯವೆಂದು ಹೇಗೆ ಕರೆಯುವುದು?

ಅಸ್ಪೃಶ್ಯತೆಯು ಪಾಪವೆಂಬುದಕ್ಕೆ ಭೂಕಂಪದ ಸಾಕ್ಷ್ಯವು ಬೇಕಾಗಿಲ್ಲ. ಹಾಗೆ ಸಾಕ್ಷ್ಯವನ್ನು ಕೇಳುವುದಾದರೆ, ನೆಲವು ನಡುಗದ ವರ್ಷಗಳಲ್ಲಿ ಆ ಪಾಪಕ್ಕೆ ಮಾಫಿ ದೊರೆಯಿತೆಂದು ಹೇಳಬೇಕಾದೀತು!

ಇದು ಉತ್ತರದೇಶದ ಹಳೆಯ ಕಥೆಯೆಂದು ಕನ್ನಡಿಗರು ಸುಮ್ಮನಿರಲಾಗದು. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ಮಗ್ಗುಲಿನಲ್ಲಿರುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶವಿಸರ್ಜನೆಯನ್ನು ಮುಗಿಸಿ ಮಲಗಿದ್ದ ಜನರ ಮೇಲೆ ಮನೆಗಳು ಕುಸಿದು ಸಾವಿರಾರು ಮಂದಿ ಸತ್ತರು. ಅದರ ಪ್ರಮಾಣವು 6.2 ಮಾತ್ರ, 1934ರದು 8ರಷ್ಟು. ಆದರೂ ಅಷ್ಟೊಂದು ಪ್ರಾಣಹಾನಿಯೇಕಾಯಿತು? ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಅವುಗಳ ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆಗಳು. ದಖ್ಖಣದ ನೆಲವು ಅಲುಗದೆಂಬ ನಂಬಿಕೆಯು ಪಾಮರರಲ್ಲಿ ಮಾತ್ರವಲ್ಲದೆ ಸರ್ಕಾರಿ ನಕ್ಷೆಗಳಲ್ಲಿಯೂ ಇದ್ದಿತು. ಆ ಪ್ರದೇಶವನ್ನು ಅತ್ಯಲ್ಪ ಅಪಾಯದ ವಲಯಕ್ಕೆ ಸೇರಿಸಲಾಗಿದ್ದಿತು. 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಭೂಕಂಪದ ಪೂರ್ಣ ಭಯವಿಲ್ಲದ ನೆಲವು ಭಾರತದಲ್ಲಿಲ್ಲವೆಂಬುದೇ ಇದರ ಅರ್ಥ.

ಭೂಕಂಪದ ದಿನವನ್ನಾಗಲಿ ಗಳಿಗೆಯನ್ನಾಗಲಿ ಮುಂದಾಗಿ ಹೇಳುವ ಶಕ್ತಿಯು ವಿಜ್ಞಾನಕ್ಕಿಲ್ಲ. ‘ಅಂದಮೇಲೆ ಅದರಿಂದೇನು ಫಲ?’ ಎಂದು ವಿದ್ಯಾವಂತರೂ ಕೇಳುವುದುಂಟು. ಫಲವು ಗೋಡೆಯಲ್ಲಿದೆ. ಬಾಗಿಲುಕಿಟಕಿಗಳ ಮೇಲ್ಗಡೆ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ ಕಾಂಕ್ರೀಟು ಪಟ್ಟಿ, ಗೋಡೆಯ ಎರಡು ಮುಖಗಳನ್ನೂ ಬೆಸೆಯುವ ಅಡ್ಡಗಲ್ಲು, ಮೇಲ್ಭಾಗದಲ್ಲಿ ಹಗುರವಾದ ಛಾವಣಿ—ಇಷ್ಟರಿಂದಲೇ ಎಷ್ಟೋ ಪ್ರಾಣಗಳು ಉಳಿಯಬಲ್ಲವು. ದೈವೇಚ್ಛೆಯೆಂಬ ಮಾತಿನಲ್ಲಿ ಭಕ್ತನ ವಿನಯವು ಇರಬಹುದು. ಆದರೆ ಸ್ಥಳವನ್ನು ನೋಡದೆ ನಕ್ಷೆಗೆ ಮಂಜೂರಾತಿಯ ಮೊಹರನ್ನೊತ್ತಿದ ಅಧಿಕಾರಿಗೂ, ಸಿಮೆಂಟನ್ನು ಕದ್ದ ಗುತ್ತಿಗೆದಾರನಿಗೂ ಅದು ಅಡಗಿಕೊಳ್ಳುವ ಮರೆಯಾಗುತ್ತದೆ. ಈಶ್ವರನನ್ನು ಆರೋಪಿಯಾಗಿ ನಿಲ್ಲಿಸಿದೊಡನೆ ಇವರೆಲ್ಲರೂ ನಿರ್ದೋಷಿಗಳಾಗಿ ಹೊರಬೀಳುತ್ತಾರೆ.

ಆದುದರಿಂದ ಜಿಲ್ಲಾಧಿಕಾರಿಗಳಲ್ಲಿಯೂ ಪುರಸಭೆಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ತಮ್ಮ ಸರಹದ್ದಿನ ಪಾಠಶಾಲೆಗಳನ್ನೂ ಆಸ್ಪತ್ರೆಗಳನ್ನೂ ಮೊದಲು ಪರೀಕ್ಷಿಸಿ, ದುರ್ಬಲವಾದವುಗಳನ್ನು ಭದ್ರಪಡಿಸಲಿ. ನಾಗರಿಕರು ಮನೆಯನ್ನು ಕಟ್ಟಿಸುವಾಗ ವಾಸ್ತುವನ್ನು ಕೇಳುವಷ್ಟೇ ಆಸ್ಥೆಯಿಂದ ಇಂಜಿನಿಯರನನ್ನೂ ಕೇಳಲಿ. ನೆಲವು ನಡುಗುವುದನ್ನು ತಡೆಯುವುದು ನಮ್ಮಿಂದಾಗದು. ಗೋಡೆಯನ್ನು ನಿಲ್ಲಿಸುವುದು ನಮ್ಮಿಂದಾಗುವ ಕೆಲಸ. ಆಗುವ ಕೆಲಸವನ್ನು ಮಾಡದೆ ಬಿಡುವುದೇ ಈ ವಿಷಯದಲ್ಲಿ ನಾವರಿತ ಪಾಪ.