ಉಳಿದ ತುಂಡು ಬಟ್ಟೆಯೂ ಪರಿಗ್ರಹವೇ

ರೇಷ್ಮೆಯ ನೂಲು ತೆಗೆಯುವ ಮುನ್ನ ಗೂಡನ್ನು ಶಾಖಕ್ಕೊಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾರೆಂಬುದನ್ನು ಅರಿತು ರೇಷ್ಮೆಯನ್ನೇ ತ್ಯಜಿಸಿದ ಶ್ರಾವಕ ಕುಟುಂಬಗಳಿವೆ. ಅವುಗಳಲ್ಲಿ ಕೆಲವು ಈಗ ಲಿನನ್ನಿನ ಕಡೆ ಹೊರಳಿವೆ. ಇದು ಮೆಚ್ಚತಕ್ಕ ಸಂಗತಿಯೇ. ಆದರೆ ಯಜಮಾನರ ಜುಬ್ಬಾ ಹೊಲಿದ ಮೇಲೆ ದರ್ಜಿಯು ಸುತ್ತಿ ಹಿಂದಿರುಗಿಸಿದ ಮುಕ್ಕಾಲು ಮೀಟರ್ ಬಟ್ಟೆ ಏನಾಯಿತು? ಕಪಾಟಿನ ತಳದಲ್ಲಿರುವ ಗಂಟನ್ನು ಬಿಚ್ಚಿದರೆ ಉತ್ತರ ದೊರೆಯುತ್ತದೆ. ಹಿಂದಿನ ವರ್ಷದ ತುಂಡು, ಅದರ ಹಿಂದಿನ ವರ್ಷದ ತುಂಡು, ಬಣ್ಣ ಮಾಸಿದ ಮಡಿಕೆಗಳು, ನಡುವೆ ಎರಡು ನುಸಿಗುಳಿಗೆ. ಮನೆಯವರು ಇದಕ್ಕೆ ಮಿತವ್ಯಯವೆಂದು ಹೆಸರಿಡುತ್ತಾರೆ. ಬಿಸಾಡಲಿಲ್ಲವಲ್ಲ ಎಂಬುದೇ ಅವರ ಸಮಾಧಾನ.

ಈ ಸಮಾಧಾನ ಶಾಸ್ತ್ರಕ್ಕೆ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳೊಂದಿಗೆ ಕುಪ್ಯವನ್ನೂ ಸೇರಿಸಿದ್ದಾರೆ. ಕುಪ್ಯವೆಂದರೇನು ಎಂಬುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸುತ್ತ ಕ್ಷೌಮ, ಕಾರ್ಪಾಸ, ಕೌಶೇಯಗಳನ್ನು ಹೆಸರಿಸುತ್ತಾರೆ. ಹತ್ತಿಗೂ ರೇಷ್ಮೆಗೂ ಅಲ್ಲಿಯೇ ಬೇರೆ ಹೆಸರಿರುವುದರಿಂದ ಕ್ಷೌಮವೆಂದರೆ ಅಗಸೆ ನಾರಿನ ಬಟ್ಟೆ, ಅಂದರೆ ಇಂದಿನ ಲಿನನ್. ಬಂಗಾರಕ್ಕೆ ಮಿತಿ ಹಾಕಿಕೊಂಡು ಕ್ಷೌಮದ ಗಂಟನ್ನು ಲೆಕ್ಕಕ್ಕೆ ಹಿಡಿಯದವರು ವ್ರತದ ಅರ್ಧವನ್ನಷ್ಟೇ ಓದಿದ್ದಾರೆ. ಅನರ್ಥದಂಡ ವ್ರತದ ಅತಿಚಾರಗಳಲ್ಲಿಯೂ ಅಗತ್ಯ ಮೀರಿದ ಭೋಗೋಪಭೋಗ ಸಾಮಗ್ರಿಯ ಮಾತು ಬರುತ್ತದೆ. ಉಪಯೋಗಕ್ಕೆ ಬಾರದ ವಸ್ತುವನ್ನು ಕೂಡಿಡುವುದಕ್ಕೆ ಮಿತವ್ಯಯವೆಂಬ ಸಭ್ಯ ಹೆಸರು ಅಲ್ಲೆಲ್ಲೂ ಇಲ್ಲ.

ಲಿನನ್ ಅಹಿಂಸಾ ವಸ್ತ್ರ, ಆದ್ದರಿಂದ ಎಷ್ಟಿದ್ದರೂ ದೋಷವಿಲ್ಲ ಎಂಬ ಇನ್ನೊಂದು ವಾದವಿದೆ. ಇದು ಅರ್ಧಸತ್ಯ. ಉತ್ತರ ಕರ್ನಾಟಕದ ಹೊಲಗಳಲ್ಲಿ ಅಗಸೆ ಬೆಳೆಯುವುದು ಬೀಜಕ್ಕಾಗಿ, ಎಣ್ಣೆ ಮತ್ತು ಚಟ್ನಿಪುಡಿಗಾಗಿ. ಬಟ್ಟೆಯ ನಾರು ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಿ ಗಿಡವನ್ನು ಬೇರುಸಹಿತ ಕಿತ್ತು, ಹೊಲದಲ್ಲಿಯೇ ಹಾಸಿ, ಇಬ್ಬನಿಯಲ್ಲಿ ವಾರಗಟ್ಟಲೆ ಕೊಳೆಯಲು ಬಿಡುತ್ತಾರೆ. ಸೂಕ್ಷ್ಮಜೀವಿಗಳು ಅಂಟನ್ನು ಕರಗಿಸಿದ ಮೇಲೆಯೇ ನಾರು ಕಡ್ಡಿಯಿಂದ ಬಿಡುತ್ತದೆ. ಉಳುಮೆಯಲ್ಲಿ, ಕೀಳುವುದರಲ್ಲಿ, ಕೊಳೆಸುವುದರಲ್ಲಿ ಎಷ್ಟು ಜೀವಗಳಿಗೆ ಬಾಧೆಯಾಗುತ್ತದೆಂಬುದನ್ನು ಏಕೇಂದ್ರಿಯ ಜೀವಿಗಳ ವಿಚಾರ ತಿಳಿದ ಓದುಗರಿಗೆ ವಿವರಿಸಬೇಕಾಗಿಲ್ಲ. ರೇಷ್ಮೆಗೆ ಹೋಲಿಸಿದರೆ ಹಿಂಸೆ ಕಡಿಮೆ, ನಿಜ, ಶೂನ್ಯವಲ್ಲ. ಆಗಿಹೋದ ಹಿಂಸೆಯ ಫಲವನ್ನು ನುಸಿಗುಳಿಗೆಯ ನಡುವೆ ಕೊಳೆಯಿಸಿ, ಬೇಸಿಗೆ ಬಂದೊಡನೆ ಅಂಗಡಿಗೆ ಹೋಗಿ ಮತ್ತೊಂದು ಸಿದ್ಧ ಉಡುಪು ತಂದರೆ ಅದೇ ಹಿಂಸೆಗೆ ಎರಡನೆಯ ಬಾರಿ ಹಣ ಕೊಟ್ಟಂತಾಯಿತು.

ಆ ತುಂಡಿನಲ್ಲಿ ಏನಾದೀತು ಎಂದು ಕೇಳುವವರು ಅಳತೆಪಟ್ಟಿ ಹಿಡಿದು ನೋಡಲಿ. 58 ಅಂಗುಲ ಅಗಲದ ಲಿನನ್ನಿನಲ್ಲಿ 70 ಸೆಂಟಿಮೀಟರ್ ಉಳಿದಿದೆಯೆನ್ನೋಣ. ಲಿನನ್ ಮೊದಲ ಒಗೆತಕ್ಕೆ ಕುಗ್ಗುವುದರಿಂದ ಕತ್ತರಿ ಹಾಕುವ ಮುನ್ನ ನೆನೆಸಿ ಒಣಗಿಸಬೇಕು. ಉದ್ದದಲ್ಲಿ ಸುಮಾರು 26 ಅಂಗುಲ, ಅಗಲದಲ್ಲಿ 57 ಅಂಗುಲ ನಿಲ್ಲುತ್ತದೆನ್ನಬಹುದು. ಎದೆಯ ಸುತ್ತಳತೆ 40 ಅಂಗುಲವಿರುವ ಗೃಹಿಣಿಗೆ ಸಡಿಲಿಕೆ, ಹೊಲಿಗೆಯ ಅಂಚು ಸೇರಿ ಮುಂಭಾಗ ಹಿಂಭಾಗಗಳಿಗೆ ತಲಾ 23½ ಅಂಗುಲ ಅಗಲ ಬೇಕು. ಎರಡನ್ನೂ ನೇರ ಎಳೆಗೆ ಅನುಸಾರವಾಗಿ ಅಕ್ಕಪಕ್ಕ ಹಾಕಿದರೆ 47 ಅಂಗುಲ. ಮಿಕ್ಕ 10 ಅಂಗುಲದ ಪಟ್ಟಿಯಲ್ಲಿ ಎರಡು ತೋಳುಗಳು ಕೂರುವುದಿಲ್ಲ. ಅದನ್ನು ಓರೆಯಾಗಿ ಒಂದೂವರೆ ಅಂಗುಲದ ಪಟ್ಟಿಗಳಾಗಿ ಕತ್ತರಿಸಿದರೆ ಆರು ಪಟ್ಟಿ ದೊರೆಯುತ್ತವೆ. ಜೋಡಿಸಿದರೆ ಕೊರಳಿಗೂ ಎರಡು ಕಂಕುಳಿಗೂ ಅಂಚು ಕಟ್ಟಲು ಸಾಕು. ಓರೆಯಾಗಿ ಕತ್ತರಿಸಿದ ಪಟ್ಟಿ ಹಿಗ್ಗಿ ಬಾಗುತ್ತದೆ, ನೇರ ಪಟ್ಟಿ ಸುಕ್ಕುಗಟ್ಟುತ್ತದೆ. ಲಿನನ್ನಿನ ಎಳೆ ಬೇಗ ಬಿಡುವ ಸ್ವಭಾವದ್ದಾದ್ದರಿಂದ ಪಕ್ಕದ ಹೊಲಿಗೆಯನ್ನು ಮೊದಲು ಹೊರಮೈಯಲ್ಲಿ ಹಾಕಿ, ಅಂಚನ್ನು ಕಿರಿದಾಗಿ ಕತ್ತರಿಸಿ, ಮಗುಚಿ ಒಳಮೈಯಲ್ಲಿ ಮತ್ತೊಮ್ಮೆ ಹೊಲಿಯಬೇಕು. ಕೊರಳನ್ನು ಕತ್ತರಿಸಿದ ಕೂಡಲೇ ಅಂಚಿನಗುಂಟ ಒಂದು ಸಾದಾ ಹೊಲಿಗೆ ಹಾಕದಿದ್ದರೆ ಅದು ಜಗ್ಗಿ ಭುಜದಿಂದ ಜಾರುತ್ತದೆ. ಹೊಸಬರು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ಹೀಗೆ ಒಂದು ಮಧ್ಯಾಹ್ನದಲ್ಲಿ 24 ಅಂಗುಲ ಉದ್ದದ, ತೋಳಿಲ್ಲದ ಬೇಸಿಗೆಯ ಮೇಲಂಗಿ ಸಿದ್ಧವಾಗುತ್ತದೆ. ಬೆವರನ್ನು ಹೀರಿ ಬೇಗ ಆರುವ ಗುಣದಲ್ಲಿ ಲಿನನ್ ಹತ್ತಿಯನ್ನೂ ಮೀರಿಸುತ್ತದೆ. (ತುಂಡಿಗೆ ಹೊಂದುವ ಕಸೂತಿಪಟ್ಟಿ ಬೇಕೆಂದು ಪೇಟೆಗೆ ಹೊರಡುವವರು ದಯವಿಟ್ಟು ಮನೆಯಲ್ಲಿಯೇ ಇರಲಿ.)

ಇಲ್ಲಿ ಹಿರಿಯರ ಆಕ್ಷೇಪ ಎದುರಾಗುತ್ತದೆ: ಸೊಸೆಯೋ ಮಗಳೋ ತೋಳಿಲ್ಲದ ಉಡುಪು ತೊಡಬಹುದೇ? ಬಸದಿಗೆ ಹೋಗುವಾಗ ಮೈತುಂಬ ವಸ್ತ್ರವಿರಲಿ ಎಂಬ ನಿಯಮದ ಬಗ್ಗೆ ತಕರಾರಿಲ್ಲ. ಮೇಲೊಂದು ಹೊದಿಕೆ ಹಾಕಿಕೊಂಡರೆ ಅದೂ ನೆರವೇರುತ್ತದೆ. ಆದರೆ ಮನೆಯೊಳಗೆ, ಏಪ್ರಿಲ್ ತಿಂಗಳಿನಲ್ಲಿ, ಒಲೆಯ ಮುಂದೆ ನಿಂತವಳ ತೋಳಿನ ಉದ್ದವನ್ನು ನಿರ್ಧರಿಸಲು ಕಟ್ಟೆಯ ಮೇಲೆ ಗಾಳಿಗೆ ಕುಳಿತವರಿಗೆ ಯಾವ ಅಧಿಕಾರ? ಇಲ್ಲಿ ತೋಳು ಇಲ್ಲದಿರುವುದು ವಿಲಾಸಕ್ಕಲ್ಲ, ಬಟ್ಟೆ ಅಷ್ಟೇ ಇರುವುದಕ್ಕೆ. ತೋಳಿಗಾಗಿ ಹೊಸದಾಗಿ ಅರ್ಧ ಮೀಟರ್ ತರಿಸುವುದೇ ಶೀಲವೆಂದಾದರೆ ಶೀಲವನ್ನು ಗಜಗೋಲಿನಿಂದ ಅಳೆದಂತಾಯಿತು. ಸನ್ಮಾನ ಸಮಾರಂಭದಲ್ಲಿ ಗಣ್ಯರಿಗೆ ರೇಷ್ಮೆಯ ಶಾಲು ಹೊದಿಸಿ, ಅದೇ ವೇದಿಕೆಯಿಂದ ಹೆಣ್ಣುಮಕ್ಕಳ ತೋಳಿನ ಕುರಿತು ಉಪದೇಶಿಸುವ ಟ್ರಸ್ಟು ಎಲ್ಲಿಯಾದರೂ ಇದ್ದರೆ, ಒಂದೊಂದು ಶಾಲಿನ ಹಿಂದೆ ಎಷ್ಟು ಗೂಡುಗಳಿವೆ ಎಂದು ಅದು ಮೊದಲು ಎಣಿಸಲಿ.

ಹೊಲಿಯಲು ಬಾರದವರ ಮನೆಯಲ್ಲಿಯೂ ಗಂಟಿರುತ್ತದೆ. ಬಸದಿಯ ಸಭಾಭವನದಲ್ಲಿ ಮಹಿಳಾ ಸಮಾಜದ ಹೊಲಿಗೆ ಯಂತ್ರವಿದ್ದು ಅದರ ಮೇಲೆ ಆಮಂತ್ರಣ ಪತ್ರಿಕೆಗಳ ರಾಶಿ ಬಿದ್ದಿದ್ದರೆ, ಟ್ರಸ್ಟಿನವರು ಆ ರಾಶಿಯನ್ನು ಇಳಿಸಿ, ಯಂತ್ರಕ್ಕೆ ಎಣ್ಣೆ ಬಿಡಿಸಿ, ಮಹಾವೀರ ಜಯಂತಿಗೆ ಮುನ್ನ ಒಂದು ಭಾನುವಾರ ಎಲ್ಲರ ಗಂಟುಗಳನ್ನು ಅಲ್ಲಿಯೇ ಬಿಚ್ಚಿಸಬಹುದು. ಬಲ್ಲವರು ಕತ್ತರಿಸಲಿ, ಕಲಿಯುವವರು ಓರೆಪಟ್ಟಿ ಜೋಡಿಸಲಿ. ಮೇಲಂಗಿ ಸಿದ್ಧವಾದ ಮೇಲೆ ತೊಡುವವಳು ಬಟ್ಟೆಯ ಒಡತಿಯೇ ಆಗಬೇಕೆಂಬ ಕಟ್ಟಳೆಯೂ ಬೇಡ. ಭವನದ ಅಂಗಳ ಗುಡಿಸುವ ಹೆಂಗಸಿಗೂ ಅದೇ ಬೇಸಿಗೆ.